ಹೊನ್ನಾಳಿ ಎರಡು ಸಲ ಬಂದಾಗ: ಆರ್‌ಗೆ ದತ್ತಾಂಶ ತುಂಬುವಾಗಿನ ದೋಷಗಳನ್ನು ಹುಡುಕುವ ಬಗೆ

ಉತ್ತರದ ಪಟ್ಟಿಯಲ್ಲಿ ಹೊನ್ನಾಳಿ ಎರಡು ಸಲ ಬಂದಿತ್ತು. ದಾವಣಗೆರೆ ಜಿಲ್ಲೆಯಲ್ಲಿ ಇರುವುದು ಆರು ತಾಲ್ಲೂಕು. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ತಾಲ್ಲೂಕುವಾರು ಮಳೆಯ ಸರಾಸರಿ ತೆಗೆಯಲು ಕುಳಿತಿದ್ದ ವಿದ್ಯಾರ್ಥಿನಿಗೆ ಏಳು ಸಾಲುಗಳ ಉತ್ತರ ಸಿಕ್ಕಿತ್ತು. ಎರಡೂ ಹೊನ್ನಾಳಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ ಕೂದಲೆಳೆಯ ವ್ಯತ್ಯಾಸ ಕಾಣುತ್ತಿರಲಿಲ್ಲ. ಪರದೆಯ ಮೇಲೆ ಕೆಂಪು ಅಕ್ಷರ ಒಂದೂ ಇರಲಿಲ್ಲ. "ಸರ್, ಆರ್ ಕೆಟ್ಟುಹೋಗಿದೆ" ಎಂಬ ಸಂದೇಶದ ಜೊತೆ ಪರದೆಯ ಓರೆ ಫೋಟೊ ಒಂದು ನನ್ನ ಮೊಬೈಲಿಗೆ ಬಂತು.

ಆರ್ ಕೆಟ್ಟಿರಲಿಲ್ಲ, ಅದು ಕೆಡುವುದು ಬಲು ಅಪರೂಪ. ಕೆಂಪು ಅಕ್ಷರದಲ್ಲಿ ಕೂಗಿ ಹೇಳುವ ದೋಷವನ್ನು ಹತ್ತು ನಿಮಿಷದಲ್ಲಿ ಹಿಡಿಯಬಹುದು. ಏನೂ ಹೇಳದೆ ತಪ್ಪು ಉತ್ತರ ಕೊಡುವ ದೋಷವೇ ಪ್ರಬಂಧದ ಕೊನೆಯ ಪುಟದವರೆಗೂ ಜೊತೆಯಲ್ಲಿ ನಡೆದು ಬರುತ್ತದೆ. ಆದ್ದರಿಂದ ಇಲ್ಲಿ ಕೂಗುವ ದೋಷಗಳನ್ನು ಬೇಗ ಮುಗಿಸಿ, ಸುಮ್ಮನಿರುವ ದೋಷಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೊನ್ನಾಳಿಯ ಗುಟ್ಟೂ ಅಲ್ಲೇ ಇದೆ.

ಒಂದು ಸೂಚನೆ: ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಚುಕ್ಕಿ ಇರುವಲ್ಲಿ ಚುಕ್ಕಿ ಇಟ್ಟು ಟೈಪ್ ಮಾಡಬೇಕು. ಆರ್‌ಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಯಂತ್ರವನ್ನು ಮೊದಲು ಅನುಮಾನದಿಂದ ಬಿಡುಗಡೆ ಮಾಡಿ

ಹೆಡ್(ಐರಿಸ್) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಐರಿಸ್ ಎಂಬುದು ಆರ್ ಜೊತೆಗೇ ಬರುವ ಹೂವಿನ ಅಳತೆಗಳ ಪಟ್ಟಿ. ಮೂರು ಜಾತಿಗಳ ತಲಾ 50 ಹೂವು, ಒಟ್ಟು 150 ಸಾಲು, ಐದು ಕಾಲಂ. 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಷರ್ ಇದನ್ನು ತಮ್ಮ ಲೇಖನದಲ್ಲಿ ಬಳಸಿದ ಮೇಲೆ ಪ್ರಪಂಚದ ಎಲ್ಲ ಕಲಿಯುವವರ ಕೈಗೂ ಬಂತು. ಮೊದಲ ಆರು ಸಾಲು ಕಂಡರೆ ಆರ್ ಆರೋಗ್ಯವಾಗಿದೆ. ದೋಷ ನಿಮ್ಮ ಕಡತದಲ್ಲೋ ಕಡತಕ್ಕೆ ಹೋಗುವ ದಾರಿಯಲ್ಲೋ ಇದೆ. ಮರುಸ್ಥಾಪನೆ ಮಾಡಲು ಹೋಗಿ ಸಂಜೆ ಕಳೆಯಬೇಡಿ.

ಏನು ಟೈಪ್ ಮಾಡಿದರೂ ಬರೀ ಕೂಡುವ ಚಿಹ್ನೆ ತೋರಿಸುತ್ತಾ ಕುಳಿತಿದೆಯೇ? ನೀವು ತೆರೆದ ಕಂಸವನ್ನೋ ಉದ್ಧರಣ ಚಿಹ್ನೆಯನ್ನೋ ಮುಚ್ಚಿಲ್ಲ, ಅದು ಕಾಯುತ್ತಿದೆ. ಎಸ್ಕೇಪ್ ಒತ್ತಿ, ಮತ್ತೆ ಬರೆಯಿರಿ. ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಆಜ್ಞೆಯನ್ನು ನಕಲು ಮಾಡಿ ಅಂಟಿಸಿದಾಗ ದೋಷ ಬಂದರೆ ಉದ್ಧರಣ ಚಿಹ್ನೆಗಳನ್ನು ನೋಡಿ. ಕೆಲವು ಬಾರಿ ನೇರ ಚಿಹ್ನೆಯ ಬದಲು ಬಾಗಿದ ಅಲಂಕಾರದ ಚಿಹ್ನೆ ಬಂದಿರುತ್ತದೆ. ಆರ್‌ಗೆ ಆ ಅಲಂಕಾರ ಹಿಡಿಸುವುದಿಲ್ಲ.

ಕಡತ ಸಿಗುತ್ತಿಲ್ಲ

ರೀಡ್.ಸಿಎಸ್‌ವಿ("ಮಳೆ.ಸಿಎಸ್‌ವಿ") ಎಂದರೆ ಅಂಥ ಕಡತವೇ ಇಲ್ಲ ಎನ್ನುತ್ತದೆ. (ಸಿಎಸ್‌ವಿ ಎಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇಟ್ಟ ಸಾದಾ ಪಠ್ಯದ ಕಡತ.) ಕಣ್ಣೆದುರಿನ ಡೆಸ್ಕ್‌ಟಾಪ್‌ನಲ್ಲೇ ಇದೆಯಲ್ಲ ಎಂದು ನಿಮಗೆ ಕೋಪ. ಆದರೆ ಆರ್ ನಿಂತಿರುವುದು ಬೇರೆ ಕಡತಕೋಶದಲ್ಲಿ. ಗೆಟ್‌ಡಬ್ಲ್ಯುಡಿ() ಎಂದು ಕೇಳಿದರೆ ತಾನು ಎಲ್ಲಿ ನಿಂತಿದ್ದೇನೆಂದು ಹೇಳುತ್ತದೆ. ಲಿಸ್ಟ್.ಫೈಲ್ಸ್() ಎಂದರೆ ಅಲ್ಲಿ ತನಗೆ ಏನೇನು ಕಾಣುತ್ತಿದೆ ಎಂದು ಪಟ್ಟಿ ಕೊಡುತ್ತದೆ. ಈ ಎರಡನ್ನೂ ಓದದೆ ಮೂರನೆಯ ಪ್ರಯತ್ನ ಮಾಡಬೇಡಿ.

ಪಟ್ಟಿಯಲ್ಲಿ ಹೆಸರಿದ್ದರೂ ಸಿಗುತ್ತಿಲ್ಲವೆಂದರೆ ಬಾಲ ನೋಡಿ. ವಿಂಡೋಸ್ ಕಡತದ ಹೆಸರಿನ ಬಾಲವನ್ನು ಮುಚ್ಚಿಡುವುದರಿಂದ, ನೀವು ನೋಟ್‌ಪ್ಯಾಡ್‌ನಲ್ಲಿ ಉಳಿಸಿದ್ದು ವಾಸ್ತವದಲ್ಲಿ ‘ಮಳೆ.ಸಿಎಸ್‌ವಿ.ಟಿಎಕ್ಸ್‌ಟಿ’ ಆಗಿರಬಹುದು. ಲಿಸ್ಟ್.ಫೈಲ್ಸ್ ಬಾಲಸಮೇತ ತೋರಿಸುತ್ತದೆ.

ಪೂರ್ಣ ವಿಳಾಸ ಬರೆದಾಗ ‘ಹೆಕ್ಸ್’ ಎಂಬ ಪದವಿರುವ ವಿಚಿತ್ರ ದೋಷ ಬಂದರೆ, ಕಾರಣ ವಿಂಡೋಸ್‌ನ ಹಿಮ್ಮುಖ ಓರೆಗೆರೆ. ಆರ್‌ನ ಉದ್ಧರಣ ಚಿಹ್ನೆಯೊಳಗೆ ಆ ಗೆರೆಗೆ ವಿಶೇಷ ಅರ್ಥವಿದೆ. ‘ಯೂಸರ್ಸ್’ ಎಂಬ ಪದದ ಮೊದಲ ಅಕ್ಷರದ ಮುಂದೆ ಅದು ಬಂದರೆ ಯಾವುದೋ ಯುನಿಕೋಡ್ ಸಂಕೇತ ಬರುತ್ತಿದೆ ಎಂದುಕೊಂಡು ಮುಗ್ಗರಿಸುತ್ತದೆ. ಎಲ್ಲ ಗೆರೆಗಳನ್ನೂ ಮುಮ್ಮುಖ ಓರೆಗೆರೆಯಾಗಿ ಬದಲಿಸಿ.

ಫೈಲ್.ಚೂಸ್() ಎಂಬ ಸುಲಭ ದಾರಿಯೂ ಉಂಟು, ಕಿಟಕಿ ತೆರೆದು ಕಡತವನ್ನು ಆರಿಸಲು ಬಿಡುತ್ತದೆ. ಮೊದಲ ದಿನಕ್ಕೆ ಪರವಾಗಿಲ್ಲ. ಆಮೇಲೆ ಬಿಡಿ. ಯಾವ ಕಡತವನ್ನು ಆರಿಸಿದಿರಿ ಎಂಬುದು ಎಲ್ಲೂ ದಾಖಲಾಗುವುದಿಲ್ಲ. ‘ಅಂತಿಮ’, ‘ಅಂತಿಮ-2’, ‘ನಿಜವಾದ ಅಂತಿಮ’ ಎಂಬ ಮೂರು ಕಡತ ಇಟ್ಟುಕೊಂಡವರ ಪಾಡು ನೋಡಿದ್ದೇನೆ.

ಇನ್ನೆರಡು ಕೂಗುವ ದೋಷಗಳು. ರೀಡ್.ಸಿಎಸ್‌ವಿ ಎಂದು ಮಾತ್ರ ಬರೆದರೆ ದತ್ತಾಂಶ ಪರದೆಯ ಮೇಲೆ ಹರಿದು ಹೋಗುತ್ತದೆ, ಎಲ್ಲೂ ಉಳಿಯುವುದಿಲ್ಲ. ಎಡಗಡೆ ಹೆಸರು ಕೊಟ್ಟು, ಬಾಣದ ಗುರುತು ಹಾಕಿ, ಬಲಗಡೆ ಆಜ್ಞೆ ಬರೆಯಬೇಕು. ಆ ಹೆಸರನ್ನು ‘ಡೇಟಾ’ ಎಂದು ಮಾತ್ರ ಇಡಬೇಡಿ. ಆ ಹೆಸರಿನ ಆಜ್ಞೆಯೊಂದು ಆರ್‌ನಲ್ಲಿ ಮೊದಲೇ ಇದೆ. ಓದುವ ಸಾಲು ವಿಫಲವಾದದ್ದನ್ನು ಗಮನಿಸದೆ ಮುಂದೆ ಹೋದರೆ, ಆರ್ ನಿಮ್ಮ ಕಡತದ ಬದಲು ಆ ಆಜ್ಞೆಯಿಂದ ಕಾಲಂ ಕೀಳಲು ನೋಡುತ್ತದೆ. ಆಗ ‘ಕ್ಲೋಷರ್’ ಎಂಬ ಪದವಿರುವ ದೋಷ ಬರುತ್ತದೆ. ಅದನ್ನು ಕಂಡಾಗಲೆಲ್ಲ ಎರಡು ಸಾಲು ಹಿಂದಕ್ಕೆ ಹೋಗಿ, ಕಡತ ನಿಜಕ್ಕೂ ಬಂದಿದೆಯೇ ನೋಡಿ.

ಬಂತು. ಎಷ್ಟು ಬಂತು?

ದೋಷವಿಲ್ಲದೆ ಆಜ್ಞೆ ಮುಗಿದರೆ ನಿಟ್ಟುಸಿರು ಬಿಡಬೇಡಿ. ಮೆಕ್ಕೆಜೋಳದ ಲೋಡ್ ಮಾರುಕಟ್ಟೆಗೆ ಬಂದಾಗ ಚೀಲ ಎಣಿಸದೆ ಯಾರೂ ಸಹಿ ಹಾಕುವುದಿಲ್ಲ. ಡಿಮ್() ಎಂದರೆ ಸಾಲು ಮತ್ತು ಕಾಲಂಗಳ ಎಣಿಕೆ. ಎಸ್‌ಟಿಆರ್() ಎಂದರೆ ಪ್ರತಿ ಕಾಲಂ ಯಾವ ಬಗೆಯದು ಎಂಬ ವಿವರ. ಟೇಲ್() ಎಂದರೆ ಕೊನೆಯ ಸಾಲುಗಳು. ಕಡತವನ್ನು ತುಂಬುವ ಮೊದಲೇ ಅದರಲ್ಲಿ ಎಷ್ಟು ಸಾಲಿದೆ ಎಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ತುಂಬಿದ ಮೇಲೆ ಎಣಿಸಿದರೆ ಹೋಲಿಸಲು ಏನೂ ಇರುವುದಿಲ್ಲ.

ಎಲ್ಲವೂ ಒಂದೇ ಕಾಲಂನಲ್ಲಿ ತುರುಕಿಕೊಂಡಿದ್ದರೆ ಕಡತದಲ್ಲಿ ಅಲ್ಪವಿರಾಮದ ಬದಲು ಬೇರೆ ಚಿಹ್ನೆಯಿದೆ. ರೀಡ್‌ಲೈನ್ಸ್ ಆಜ್ಞೆಯಿಂದ ಮೊದಲ ಐದು ಸಾಲು ಕಚ್ಚಾ ರೂಪದಲ್ಲೇ ನೋಡಿ, ‘ಸೆಪ್’ ಎಂಬ ಆಯ್ಕೆಯಲ್ಲಿ ಆ ಚಿಹ್ನೆ ಕೊಡಿ. ಈ ಆಜ್ಞೆಯ ಹೆಸರಿನಲ್ಲಿ ‘ಲೈನ್ಸ್’ ಪದದ ಮೊದಲ ಅಕ್ಷರ ದೊಡ್ಡದು.

ಕಾಲಂಗಳು ಎಡಕ್ಕೆ ಜಾರುವ ದೋಷ ಇದಕ್ಕಿಂತ ಕೆಟ್ಟದ್ದು. ಕಡತದ ತಲೆಯಲ್ಲಿ ದಿನಾಂಕ, ಮಾರುಕಟ್ಟೆ, ಧಾರಣೆ ಎಂಬ ಮೂರು ಶೀರ್ಷಿಕೆಗಳಿವೆ ಎನ್ನಿ. ನೋಟ್‌ಪ್ಯಾಡ್‌ನಲ್ಲಿ ಕೈಯಾರೆ ಟೈಪ್ ಮಾಡಿದವರು ಕ್ವಿಂಟಲ್ ಧಾರಣೆಯನ್ನು 2,150 ಎಂದು ಅಲ್ಪವಿರಾಮ ಸಮೇತ ಬರೆದಿದ್ದಾರೆ. ಈಗ ಪ್ರತಿ ಸಾಲಿನಲ್ಲೂ ಮೂರರ ಬದಲು ನಾಲ್ಕು ತುಂಡುಗಳಾದವು. ಶೀರ್ಷಿಕೆ ಒಂದು ಕಡಿಮೆಯಿದ್ದರೆ ಮೊದಲ ಕಾಲಂ ಸಾಲುಗಳ ಹೆಸರಿರಬೇಕು ಎಂದು ಆರ್ ತೀರ್ಮಾನಿಸುತ್ತದೆ. ದಿನಾಂಕ ಸಾಲಿನ ಹೆಸರಾಗುತ್ತದೆ, ಮಾರುಕಟ್ಟೆ ದಿನಾಂಕದ ಕೆಳಗೆ ಬರುತ್ತದೆ, 2 ಎಂಬುದು ಮಾರುಕಟ್ಟೆಯಾಗುತ್ತದೆ, ಧಾರಣೆ 150 ರೂಪಾಯಿಗೆ ಇಳಿಯುತ್ತದೆ. ದಿನಾಂಕಗಳು ಪುನರಾವರ್ತನೆಯಾಗಿದ್ದರೆ ನಿಮ್ಮ ಅದೃಷ್ಟ, ಒಂದೇ ಹೆಸರಿನ ಎರಡು ಸಾಲು ಇರಕೂಡದು ಎಂದು ಆರ್ ನಿಲ್ಲಿಸಿಬಿಡುತ್ತದೆ. ಆಗ ‘ರೋ.ನೇಮ್ಸ್’ ಆಯ್ಕೆಗೆ ‘ನಲ್’ ಕೊಡಿ ಎಂಬ ಸಲಹೆಯನ್ನು ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೊಟ್ಟರೆ ದೋಷದ ಬಾಯಿ ಮುಚ್ಚುತ್ತದೆ, ಶೀರ್ಷಿಕೆಗಳು ಮಾತ್ರ ಜಾರಿದಲ್ಲೇ ಉಳಿಯುತ್ತವೆ. ಸರಿಯಾದ ದಾರಿ ಮೂಲ ಕಡತದಲ್ಲಿ ಅಲ್ಪವಿರಾಮ ತೆಗೆಯುವುದು. ಶೀರ್ಷಿಕೆ ಬಿಟ್ಟು ಉಳಿದ ಪ್ರತಿ ಸಾಲಿನ ಕೊನೆಯಲ್ಲಿ ಬೇಡದ ಅಲ್ಪವಿರಾಮವೊಂದು ಉಳಿದಿದ್ದರೂ ಇದೇ ಜಾರಿಕೆ ಆಗುತ್ತದೆ. ಕೌಂಟ್.ಫೀಲ್ಡ್ಸ್ ಎಂಬ ಆಜ್ಞೆಗೆ ಕಡತದ ಹೆಸರು ಮತ್ತು ‘ಸೆಪ್’ ಕೊಟ್ಟು, ಉತ್ತರವನ್ನು ಟೇಬಲ್() ಒಳಗೆ ಹಾಕಿದರೆ, ಎಷ್ಟು ಸಾಲಿನಲ್ಲಿ ಎಷ್ಟು ತುಂಡುಗಳಿವೆ ಎಂದು ತಿಳಿಯುತ್ತದೆ. ಒಂದೇ ಸಂಖ್ಯೆ ಬರಬೇಕು.

ಈಗ ಕೊಳವೆಬಾವಿಯ ಕಥೆ. ಚಿತ್ರದುರ್ಗದ ಕಡೆಯ ಕೊಳವೆಬಾವಿಗಳ ಪಟ್ಟಿಯೊಂದನ್ನು ತುಂಬಿದಾಗ ನನಗೆ ಸಾಲುಗಳು ಕಡಿಮೆ ಬಿದ್ದವು. ದೋಷವಿಲ್ಲ, ಎಚ್ಚರಿಕೆಯಿಲ್ಲ. ಇಡೀ ಮಧ್ಯಾಹ್ನ ಹೋಯಿತು. ಷರಾ ಕಾಲಂನಲ್ಲಿ ಯಾರೋ ಕೇಸಿಂಗ್ ಪೈಪಿನ ಅಳತೆಯನ್ನು ‘6"’ ಎಂದು ಇಂಚಿನ ಗುರುತು ಹಾಕಿ ಬರೆದಿದ್ದರು. ಆರ್‌ಗೆ ಆ ಗುರುತು ಉದ್ಧರಣ ಚಿಹ್ನೆ. ಅದು ತೆರೆದುಕೊಂಡಿತು ಎಂದು ತಿಳಿದು, ಮುಂದಿನ ಇಂಚಿನ ಗುರುತು ಸಿಗುವವರೆಗೆ ನಡುವಿನ ಸಾಲುಗಳನ್ನೆಲ್ಲ ಒಂದೇ ಷರಾದೊಳಗೆ ನುಂಗಿತು. ಗುರುತುಗಳ ಸಂಖ್ಯೆ ಬೆಸವಾಗಿದ್ದರೆ ಕೊನೆಯಲ್ಲಿ ‘ಇಒಎಫ್’ (ಕಡತ ಮುಗಿಯಿತು) ಎಂಬ ಪದವಿರುವ ಎಚ್ಚರಿಕೆ ಬರುತ್ತದೆ. ಸಮವಾಗಿದ್ದರೆ ಅದೂ ಇಲ್ಲ. ನನ್ನದು ಸಮವಾಗಿತ್ತು. ‘ಕೋಟ್’ ಎಂಬ ಆಯ್ಕೆಗೆ ಖಾಲಿ ಉದ್ಧರಣ ಕೊಟ್ಟ ತಕ್ಷಣ ಬಾವಿಗಳೆಲ್ಲ ಹಿಂತಿರುಗಿದವು. ಕಡತದ ಬೇರೆ ಕಾಲಂಗಳಲ್ಲಿ ಉದ್ಧರಣದೊಳಗೆ ಅಲ್ಪವಿರಾಮ ಇದ್ದರೆ ಈ ಮದ್ದು ಹೊಸ ರೋಗ ತರುತ್ತದೆ. ಆಗ ಇಂಚಿನ ಗುರುತನ್ನೇ ‘ಇಂಚು’ ಎಂದು ಬದಲಿಸುವುದು ಕ್ಷೇಮ.

ಅಂಕಿ ಅಂಕಿಯಾಗಿಲ್ಲ

ಮೀನ್() ಕೇಳಿದರೆ ‘ಎನ್‌ಎ’ (ಮೌಲ್ಯ ಇಲ್ಲ) ಎಂದು ಉತ್ತರ ಬರುತ್ತದೆ. ಎರಡು ಕಾರಣಗಳಿರಬಹುದು. ಎಸ್‌ಟಿಆರ್‌ನಲ್ಲಿ ಆ ಕಾಲಂ ಎದುರು ‘ನಮ್’ ಅಥವಾ ‘ಇಂಟ್’ ಇದ್ದರೆ ಕೆಲವು ಕೋಣೆಗಳು ಖಾಲಿ ಇವೆ ಎಂದರ್ಥ. ‘ಸಿಎಚ್ಆರ್’ ಇದ್ದರೆ ಇಡೀ ಕಾಲಂ ಪಠ್ಯವಾಗಿ ಬಂದಿದೆ. ಸಾವಿರ ಅಂಕಿಗಳ ನಡುವೆ ಒಂದು ಕೋಣೆಯಲ್ಲಿ ‘ರಜೆ’ ಎಂದಿದ್ದರೂ ಸಾಕು, ಎಲ್ಲವೂ ಪಠ್ಯವಾಗುತ್ತವೆ.

ತಪ್ಪಿತಸ್ಥನನ್ನು ಹಿಡಿಯಲು ನಾನು ಅತಿ ಹೆಚ್ಚು ಬಳಸುವ ಸಾಲು ಇದು: ಯುನಿಕ್(ಕ[ಈಸ್.ಎನ್‌ಎ(ಆ್ಯಸ್.ನ್ಯೂಮೆರಿಕ್(ಕ))]). ಇಲ್ಲಿ ‘ಕ’ ಎಂದರೆ ನಿಮ್ಮ ಕಾಲಂ. ‘ಎನ್‌ಎ’ ಇಲ್ಲಿ ಸಣ್ಣ ಅಕ್ಷರದಲ್ಲೇ ಇರಬೇಕು. ಅಂಕಿಯಾಗಲು ಒಪ್ಪದ ಮೌಲ್ಯಗಳನ್ನಷ್ಟೇ ಇದು ಸಾಲಾಗಿ ನಿಲ್ಲಿಸುತ್ತದೆ. ನಮ್ಮ ಕಡೆಯ ಕಡತಗಳಲ್ಲಿ ಹೆಚ್ಚಾಗಿ ಸಿಗುವವರು: 1,05,000ದಂಥ ಅಲ್ಪವಿರಾಮದ ಅಂಕಿಗಳು, ‘2150 ರೂ.’, ಒಂಟಿ ಅಡ್ಡಗೆರೆ, ಕೊನೆಯಲ್ಲಿ ‘ಒಟ್ಟು’ ಎಂಬ ಸಾಲು, ಮತ್ತು ಕನ್ನಡ ಅಂಕಿಗಳು. ೨೧೫೦ ಎಂದು ಬರೆದರೆ ನಮಗೆ ಅದು ಸಂಖ್ಯೆ, ಆರ್‌ಗೆ ಪಠ್ಯ. ಚಾರ್‌ಟಿಆರ್ ಆಜ್ಞೆಗೆ ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನೂ ಅವಕ್ಕೆ ಸರಿಯಾದ 0ಯಿಂದ 9ನ್ನೂ ಕೊಟ್ಟರೆ ಒಂದೇ ಏಟಿಗೆ ಬದಲಾಗುತ್ತವೆ. ಅಲ್ಪವಿರಾಮ ಕೀಳಲು ಜಿಸಬ್ ಇದೆ.

ಖಾಲಿ ಕೋಣೆಗೆ ಸೊನ್ನೆ ತುಂಬುವ ಆತುರ ಬೇಡ. ಚಳ್ಳಕೆರೆಯ ಮಳೆಯ ಕಡತದಲ್ಲಿ ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದು. ಖಾಲಿ ಎಂದರೆ ಅಂದು ಮಾಪಕವನ್ನು ಯಾರೂ ನೋಡಲಿಲ್ಲ ಎಂದು. ಒಣ ಸೀಮೆಯಲ್ಲಿ ಇವೆರಡನ್ನು ಬೆರೆಸಿದರೆ ಇಲ್ಲದ ಬರವನ್ನು ನೀವೇ ಸೃಷ್ಟಿಸುತ್ತೀರಿ. ‘ಎನ್‌ಎ.ಆರ್‌ಎಂ’ ಆಯ್ಕೆಗೆ ‘ಟ್ರೂ’ (ಪೂರ್ತಿ ದೊಡ್ಡ ಅಕ್ಷರ) ಕೊಟ್ಟು ಸರಾಸರಿ ತೆಗೆಯಿರಿ, ಎಷ್ಟು ಖಾಲಿ ಇತ್ತು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಹಳೆಯ ಪ್ರಯೋಗಾಲಯದ ಕಂಪ್ಯೂಟರುಗಳಲ್ಲಿ ಇನ್ನೊಂದು ಬಲೆ ಇದೆ. 2020ರಲ್ಲಿ ಬಂದ ಆರ್ 4.0.0ಗಿಂತ ಮೊದಲಿನ ಆವೃತ್ತಿಗಳು ಪಠ್ಯದ ಕಾಲಂಗಳನ್ನು ತಾವಾಗಿಯೇ ‘ಫ್ಯಾಕ್ಟರ್’ ಮಾಡುತ್ತಿದ್ದವು, ಅಂದರೆ ಪ್ರತಿ ಬೇರೆ ಮೌಲ್ಯಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು ಇಡುತ್ತಿದ್ದವು. ಫ್ಯಾಕ್ಟರನ್ನು ನೇರವಾಗಿ ಅಂಕಿಯಾಗಿಸಿದರೆ 2150 ಬರುವುದಿಲ್ಲ, ಅದರ ಒಳಗಿನ ಕ್ರಮಸಂಖ್ಯೆ ಬರುತ್ತದೆ. ಮೊದಲು ಆ್ಯಸ್.ಕ್ಯಾರೆಕ್ಟರ್, ಆಮೇಲೆ ಆ್ಯಸ್.ನ್ಯೂಮೆರಿಕ್.

ಒಂದು ತಮಾಷೆಯ ದೋಷ. ಮಹಿಳಾ ಸ್ವಸಹಾಯ ಸಂಘದ ಸದಸ್ಯರ ಪಟ್ಟಿಯಲ್ಲಿ ಲಿಂಗದ ಕಾಲಂ ತುಂಬ ಇಂಗ್ಲಿಷಿನ ‘ಎಫ್’ ಇರುತ್ತದೆ. ತುಂಬಿದ ಮೇಲೆ ನೋಡಿದರೆ ಎಲ್ಲವೂ ‘ಫಾಲ್ಸ್’, ಅಂದರೆ ಸುಳ್ಳು! ಬರೀ ‘ಎಫ್’ ಅಥವಾ ‘ಟಿ’ ಇರುವ ಕಾಲಂ ಸತ್ಯ-ಸುಳ್ಳಿನ ಕಾಲಂ ಎಂದು ಆರ್ ಊಹಿಸುತ್ತದೆ. ಪಟ್ಟಿಯಲ್ಲಿ ಒಬ್ಬ ಗಂಡಸಿದ್ದು ‘ಎಂ’ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ‘ಕೋಲ್‌ಕ್ಲಾಸಸ್’ ಆಯ್ಕೆಯಲ್ಲಿ ‘ಕ್ಯಾರೆಕ್ಟರ್’ ಎಂದು ಹೇಳಿದರೆ ಊಹೆ ನಿಲ್ಲಿಸುತ್ತದೆ. ಎರಡನೆಯ ‘ಸಿ’ ದೊಡ್ಡದು. ಸೊನ್ನೆಯಿಂದ ಶುರುವಾಗುವ ಗ್ರಾಮಸಂಕೇತಗಳ ಸೊನ್ನೆ ಉದುರದಂತೆ ಕಾಪಾಡುವುದೂ ಇದೇ.

ಕನ್ನಡ ಕೆಟ್ಟಿದೆ, ಆದರೆ ಹೇಗೆ ಕೆಟ್ಟಿದೆ?

ಮೂರು ಬಗೆಯ ಕೆಡುಕನ್ನು ಕಣ್ಣಿನಿಂದಲೇ ಬೇರ್ಪಡಿಸಬಹುದು. ಅಕ್ಷರಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಕನ್ನಡ ಹೋಯಿತು, ಆ ಕಡತದಿಂದ ಅದನ್ನು ಮರಳಿ ಪಡೆಯಲಾಗದು. ಎಕ್ಸೆಲ್‌ನಲ್ಲಿ ಸಾಧಾರಣ ಸಿಎಸ್‌ವಿ ಎಂದು ಉಳಿಸಿದ್ದರಿಂದ ಹೀಗಾಗಿದೆ. ಮೂಲ ಕಡತಕ್ಕೆ ಹಿಂತಿರುಗಿ ‘ಸಿಎಸ್‌ವಿ ಯುಟಿಎಫ್-8’ ಎಂಬುದನ್ನು ಆರಿಸಿ ಉಳಿಸಿ. ಕೊಂಬು ಮೂಡಿದ ರೋಮನ್ ಅಕ್ಷರಗಳು ಒಂದೇ ಮಾದರಿಯಲ್ಲಿ ಮರುಕಳಿಸುತ್ತಿದ್ದರೆ ಕನ್ನಡ ಒಳಗೆ ಸುರಕ್ಷಿತವಾಗಿದೆ, ಓದುವ ರೀತಿ ತಪ್ಪಿದೆ ಅಷ್ಟೇ. ‘ಫೈಲ್‌ಎನ್‌ಕೋಡಿಂಗ್’ ಆಯ್ಕೆಗೆ ‘ಯುಟಿಎಫ್-8-ಬಿಒಎಂ’ ಕೊಟ್ಟು ಓದಿ. ಆಯ್ಕೆಯ ಹೆಸರಿನ ನಡುವಿನ ‘ಇ’ ದೊಡ್ಡದು, ಕೊಡುವ ಮೌಲ್ಯ ಪೂರ್ತಿ ದೊಡ್ಡ ಅಕ್ಷರ. ಮೊದಲ ಕಾಲಂನ ಹೆಸರಿಗೆ ಮಾತ್ರ ಕಸ ಅಂಟಿಕೊಂಡಿದ್ದರೂ ಮದ್ದು ಇದೇ. ಮೂರನೆಯದು ಹಳೆಯ ನುಡಿ ಅಥವಾ ಬರಹದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇದ್ದರೆ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಒಳಗಿರುವುದು ರೋಮನ್ ಚಿಹ್ನೆಗಳೇ. ಆರ್‌ನ ಯಾವ ಆಯ್ಕೆಯೂ ಇದನ್ನು ಸರಿಮಾಡದು. ಪರಿವರ್ತಕ ತಂತ್ರಾಂಶದಿಂದ ಯುನಿಕೋಡ್‌ಗೆ ತಂದೇ ಮುಂದುವರಿಯಬೇಕು.

ಇಷ್ಟೆಲ್ಲ ಸರಿಯಿದ್ದೂ ಹೊನ್ನಾಳಿ ಎರಡಾಗಿತ್ತು. ಎನ್‌ಚಾರ್() ಕೇಳಿದೆ. ಒಂದು ಹೊನ್ನಾಳಿಗೆ 8 ಬಂತು, ಇನ್ನೊಂದಕ್ಕೆ 9. ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಆದರೆ ಯುನಿಕೋಡ್ ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಹೊ’ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸುವ ಆರ್‌ಗೆ ಎರಡೂ ಬೇರೆ. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಈ ಬಲೆಗೆ ಬೀಳಬಲ್ಲ ಹೆಸರುಗಳಿಗೆ ಕೊರತೆಯಿಲ್ಲ: ಹೊನ್ನಾಳಿ, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು. ಕೊನೆಯ ಎರಡರಲ್ಲಿ ಇನ್ನೊಂದು ಕಾಟ, ‘ಲ್’ ಆದ ಮೇಲೆ ಒತ್ತಕ್ಷರ ಬಾರದಂತೆ ಕೆಲವರು ಹಾಕುವ ಕಾಣದ ಸಂಕೇತ. ಸ್ಟ್ರಿಂಗ್‌ಐ ಪ್ಯಾಕೇಜಿನ ‘ಸ್ಟ್ರಿ_ಟ್ರಾನ್ಸ್_ಎನ್‌ಎಫ್‌ಸಿ’ ಆಜ್ಞೆ ಮೊದಲ ತೊಂದರೆಯನ್ನು ಸರಿಪಡಿಸುತ್ತದೆ. ಕಾಣದ ಸಂಕೇತವನ್ನು ಜಿಸಬ್‌ನಿಂದ ಕೀಳಬೇಕು. ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗಕ್ಕೆ ಟ್ರಿಮ್‌ಡಬ್ಲ್ಯುಎಸ್(). ಇಂಗ್ಲಿಷ್ ಕಡತಗಳಲ್ಲಿ ದಾವಣಗೆರೆಗೇ ಎರಡು ಕಾಗುಣಿತ ಇರುವುದು ಬೇರೆ ವಿಷಯ. ಅದನ್ನು ಯಾವ ಆಜ್ಞೆಯೂ ತಾನಾಗಿ ಅರಿಯದು, ಟೇಬಲ್() ಹಾಕಿ ಕಣ್ಣಾರೆ ನೋಡಬೇಕು.

ದಿನಾಂಕ

05/06/2023 ನಮಗೆ ಜೂನ್ 5. ಆ್ಯಸ್.ಡೇಟ್ ಆಜ್ಞೆಗೆ (‘ಡೇಟ್’ ಪದದ ಮೊದಲ ಅಕ್ಷರ ದೊಡ್ಡದು) ರೂಪವನ್ನು ಹೇಳದೆ ಇದನ್ನು ಕೊಟ್ಟರೆ ದೋಷ ಬರುವುದಿಲ್ಲ. ಕ್ರಿಸ್ತಶಕ 5ನೆಯ ವರ್ಷದ ಜೂನ್ 20 ಎಂದು ಉತ್ತರ ಬರುತ್ತದೆ! ವರ್ಷ ಮೊದಲು ಬರುತ್ತದೆ ಎಂಬುದು ಅದರ ನಂಬಿಕೆ. ರೂಪವನ್ನು ದಿನ, ತಿಂಗಳು, ವರ್ಷ ಎಂದು ಶೇಕಡಾ ಚಿಹ್ನೆಗಳೊಂದಿಗೆ ತಿಳಿಸಬೇಕು, ಮತ್ತು ವರ್ಷದ ‘ವೈ’ ದೊಡ್ಡದಿರಬೇಕು. ಸಣ್ಣ ‘ವೈ’ ಎರಡೇ ಅಂಕಿ ಓದುವುದರಿಂದ 2023 ಹೋಗಿ 2020 ಆಗುತ್ತದೆ, ಅದೂ ಸದ್ದಿಲ್ಲದೆ. ದಿನಾಂಕದ ಜಾಗದಲ್ಲಿ 45082ರಂಥ ಅಂಕಿ ಬಂದಿದ್ದರೆ ಅದು ಎಕ್ಸೆಲ್‌ನ ಒಳಗಿನ ಲೆಕ್ಕ. ‘ಒರಿಜಿನ್’ ಆಯ್ಕೆಗೆ 1899-12-30 ಕೊಟ್ಟರೆ ಮತ್ತೆ 2023ರ ಜೂನ್ 5 ಆಗುತ್ತದೆ.

ಆರ್‌ನದಲ್ಲದ ದೋಷ

ಎಲ್ಲ ಸರಿಯಾದ ಮೇಲೆ ಸಮ್ಮರಿ() ಹಾಕಿ, ಊರಿನವರ ಕಣ್ಣಿನಿಂದ ನೋಡಿ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬೀಳುವುದು 130 ಅಡಿಗೆ. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಿಮ್ಮ ಕಡತದಲ್ಲಿ ನೀರಿನ ಗರಿಷ್ಠ ಮಟ್ಟ 1,284 ಎಂದಿದ್ದರೆ ಎಲ್ಲೋ ದಶಮಾಂಶದ ಚುಕ್ಕಿ ಬಿದ್ದುಹೋಗಿದೆ. ಈ ತಪ್ಪನ್ನು ಹಿಡಿಯಲು ಸಂಖ್ಯಾಶಾಸ್ತ್ರ ಬೇಡ, ಹಿರಿಯೂರಿನ ಬಸ್ಸಿನಲ್ಲಿ ಓಡಾಡಿದ್ದರೆ ಸಾಕು.

ಆ ವಿದ್ಯಾರ್ಥಿನಿಯ ಏಳು ಸಾಲು ಆರಕ್ಕೆ ಇಳಿಯಿತು. ಮರುವಾರ ಇನ್ನೊಂದು ಫೋಟೊ ಬಂತು, ಈ ಸಲ ನೆಟ್ಟಗೆ. ಹಳೆಯ ವರ್ಷಗಳ ಬಿತ್ತನೆ ಕಡತವನ್ನು ಜೋಡಿಸಿದ್ದಳು. 2018ರ ನಂತರ ಹರಪನಹಳ್ಳಿಯ ಸಾಲುಗಳೇ ಇಲ್ಲ, ಹೊನ್ನಾಳಿಯ ಬಿತ್ತನೆ ಪ್ರದೇಶ ಏಕಾಏಕಿ ಕುಗ್ಗಿದೆ, ಮತ್ತೆ ಇಂಚಿನ ಗುರುತು ಇರಬಹುದೇ ಎಂದು ಕೇಳಿದ್ದಳು. ಕೌಂಟ್.ಫೀಲ್ಡ್ಸ್ ಹಾಕಿ ನೋಡಿದೆವು, ಒಂದೇ ಸಂಖ್ಯೆ ಬಂತು. ಎನ್‌ಚಾರ್ ಕೂಡ ಸರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಸೇರಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹೊನ್ನಾಳಿಯ ಒಂದು ಭಾಗ ನ್ಯಾಮತಿ ತಾಲ್ಲೂಕಾಗಿದೆ. ಹಳೆಯ ವರ್ಷಗಳ ಜೊತೆ ಹೋಲಿಸಲು ಅವಳು ನ್ಯಾಮತಿಯನ್ನು ಹೊನ್ನಾಳಿಗೆ ಕೂಡಿಸಿಕೊಂಡಳು, ಹರಪನಹಳ್ಳಿಯನ್ನು ಎಲ್ಲ ವರ್ಷಗಳಿಂದಲೂ ತೆಗೆದಳು, ಎರಡನ್ನೂ ಆಜ್ಞೆಯ ಪಕ್ಕದಲ್ಲೇ ಟಿಪ್ಪಣಿಯಾಗಿ ಬರೆದಿಟ್ಟಳು.